ನಾಲ್ಕನೇ ನಂಬರಿನ ಏಪ್ರನ್

ಆರನೆಯ ಚಿತ್ರದಲ್ಲೂ ಆ ಪಿನ್ನು ಇತ್ತು.

ಶಾಂಭವಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದಳು. ಎಡ ಹೆಗಲ ಪಟ್ಟಿಯ ತುದಿಯಲ್ಲಿ ಅರ್ಧ ತೆರೆದ ಸೇಫ್ಟಿ ಪಿನ್ನು. ಒಂದನೇ ಚಿತ್ರದಲ್ಲಿ ಅದು ಎಷ್ಟು ಓರೆಯಾಗಿತ್ತೋ ಆರನೇ ಚಿತ್ರದಲ್ಲೂ ಅಷ್ಟೇ ಓರೆ.

ಅವು ಶಿವಮೊಗ್ಗದ ಅರುಣಗಿರಿ ಆಸ್ಪತ್ರೆಯ ಕ್ಯಾಥ್‌ಲ್ಯಾಬಿನ ಆರು ಏಪ್ರನ್‌ಗಳ ಎಕ್ಸ್‌ರೇ ಚಿತ್ರಗಳು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವಾಗ ಮತ್ತೆ ಮತ್ತೆ ಎಕ್ಸ್‌ರೇ ಹಾಯಿಸುತ್ತಲೇ ಇರಬೇಕಾಗುತ್ತದೆ. ಮೇಜಿನ ಸುತ್ತ ನಿಂತವರನ್ನು ಕಾಯುವುದು ಮೈಮೇಲಿನ ಸೀಸದ ಏಪ್ರನ್. ಒಳಗಿನ ಸೀಸ ಸೀಳಿದೆಯೇ ಎಂದು ವರ್ಷಕ್ಕೊಮ್ಮೆ ಒಂದೊಂದನ್ನೂ ಎಕ್ಸ್‌ರೇ ಕೆಳಗಿಟ್ಟು ನೋಡಬೇಕು. ನೋಡಿದ್ದೇವೆ, ಆರೂ ಚೆನ್ನಾಗಿವೆ ಎಂದು ಆಸ್ಪತ್ರೆಯ ಅಪಾಯ ಅಂದಾಜು ಕಡತ ಹೇಳುತ್ತಿತ್ತು.

ಆದರೆ ಅದೇ ಕ್ಯಾಥ್‌ಲ್ಯಾಬಿನ ನರ್ಸ್ ಮಾನಸಳ ಎದೆಯ ಮೇಲಿನ, ಮೈಗೆ ತಗುಲಿದ ವಿಕಿರಣ ಅಳೆಯುವ ಬ್ಯಾಡ್ಜು ಬೇರೆ ಹೇಳಿತ್ತು. ವರ್ಷಕ್ಕೆ ಇಪ್ಪತ್ತು ಮಿಲಿಸೀವರ್ಟ್ ದಾಟಬಾರದ ವಿಕಿರಣ ಮೂರೇ ತಿಂಗಳಲ್ಲಿ ಇಪ್ಪತ್ತಾರು ಆಗಿತ್ತು. ಮಾನಸ ಐದು ತಿಂಗಳ ಬಸುರಿ. ಏಪ್ರನ್ ಒಳಗೆ ಹಾಕಬೇಕಾದ ಬ್ಯಾಡ್ಜನ್ನು ಅವಳೇ ಹೊರಗೆ ಸಿಕ್ಕಿಸಿಕೊಂಡಿದ್ದಳು, ತಪ್ಪು ಅವಳದು ಎನ್ನುವುದು ಆಸ್ಪತ್ರೆಯ ವಾದ. ಪರಿಶೀಲಿಸಿ ವರದಿ ಕೊಡಿ ಎಂದು ಶಾಂಭವಿಯನ್ನು ಕರೆಸಿದ್ದೂ ಆಸ್ಪತ್ರೆಯೇ. ಭದ್ರಾವತಿಯ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಹದಿನಾರು ವರ್ಷ ದುಡಿದಿದ್ದ ಅವಳಿಗೆ ಈಗ ಆಸ್ಪತ್ರೆಗಳ ಸಿಬ್ಬಂದಿಗೆ ಎಲ್ಲೆಲ್ಲಿ ಅಪಾಯವಿದೆ ಎಂದು ಹುಡುಕಿ ಬರೆದುಕೊಡುವುದೇ ಕೆಲಸ.

"ಮಲ್ಲೇಶ್, ಈ ಪಿನ್ನು ಯಾವ ಏಪ್ರನ್ನಿಂದು?"

ಬಾಗಿಲ ಬಳಿ ನಿಂತಿದ್ದ ಟೆಕ್ನಿಷಿಯನ್ ಮಲ್ಲೇಶ್ ಇಣುಕಿ ನೋಡಿದ. "ಒಂದನೇ ನಂಬರಿಂದು ಮೇಡಂ. ವೆಲ್ಕ್ರೋ ಕಿತ್ತುಹೋಗಿತ್ತು. ಲಿಂಗಮ್ಮ ಪಿನ್ ಹಾಕಿದ್ಲು."

"ಮತ್ತೆ ಎರಡನೇದಕ್ಕೆ? ಮೂರಕ್ಕೆ? ಆರಕ್ಕೆ?"

ಎಣಿಸುವವನಂತೆ ಅವನ ತುಟಿ ಅಲುಗಿತು. ಆರೂ ಒಂದೇ ಏಪ್ರನ್ನಿನ ಚಿತ್ರ. "ಈ ಫೋಟೋ ನಾನು ತೆಗೆದದ್ದಲ್ಲ ಮೇಡಂ. ರೇಣುಕಾಪ್ರಸಾದ್ ಸಾರ್ ಒಬ್ರೇ ಕೂತು ತೆಗೆದ್ರು."

ರೇಣುಕಾಪ್ರಸಾದ್ ಆಸ್ಪತ್ರೆಯ ವಿಕಿರಣ ಸುರಕ್ಷತಾಧಿಕಾರಿ. ಎರಡು ದಿನದಿಂದ ಶಾಂಭವಿಗೆ ಕಾಫಿ ತರಿಸಿಕೊಡುತ್ತಿದ್ದ ವಿನಯದ ಮನುಷ್ಯ.

"ನಿಮ್ಮ ಬ್ಯಾಡ್ಜ್ ಎಲ್ಲಿ ಮಲ್ಲೇಶ್?"

ಮಲ್ಲೇಶನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಜೇಬು ಖಾಲಿ. "ಒಳಗಿದೆ ಮೇಡಂ" ಎಂದ. ಕಣ್ಣು ಮಾತ್ರ ರೇಣುಕಾಪ್ರಸಾದರ ಕೋಣೆಯ ಕಡೆಗೆ ಹೋಗಿ ಬಂತು.

ಶಾಂಭವಿ ಇನ್ನೇನೂ ಕೇಳದೆ ಎದ್ದಳು.

ಏಪ್ರನ್ ತೂಗುಹಾಕುವ ಗೋಡೆಯಲ್ಲಿ ಆರು ಕೊಕ್ಕೆಗಳಿದ್ದವು. ನಾಲ್ಕನೆಯದು ಬರಿದಾಗಿತ್ತು. ನೆಲ ಒರೆಸುತ್ತಿದ್ದ ಲಿಂಗಮ್ಮ ಅವಳನ್ನು ಕಂಡು ಸೊಂಟ ನೆಟ್ಟಗೆ ಮಾಡಿದಳು. ಏಪ್ರನ್‌ಗಳನ್ನು ದಿನಾ ಒರೆಸಿ ತೂಗುಹಾಕುವವಳು ಅವಳೇ.

"ನಾಲ್ಕನೇದು ಎಲ್ಲಿ ಲಿಂಗಮ್ಮ?"

"ನಂಗೂ ಅದೇ ಆಶ್ಚರ್ಯ ಕಣಮ್ಮ. ಮೊನ್ನೆ ಸಂಜೆ ನಾನೇ ಒರೆಸಿ ಹಾಕಿದ್ದೆ. ನಿನ್ನೆ ಬಂದ್ರೆ ಇಲ್ಲ."

ಶಾಂಭವಿ ಒಂದನೇ ನಂಬರಿನದನ್ನು ಎತ್ತಿದಳು. ಎರಡನ್ನು ಎತ್ತಿದಳು. ಮತ್ತೆ ಒಂದನ್ನು ಹಿಡಿದು ನೋಡಿದಳು. "ಇದು ಇಷ್ಟು ಭಾರ, ಇದ್ಯಾಕೆ ಹೀಗೆ?"

"ಅದು ಹಳೇದು. ಮಿಕ್ಕಿದ್ದು ಐದೂ ಹೋದ ವರ್ಷ ಹೊಸದಾಗಿ ಬಂದಿದ್ದು. ಹಗುರ ಇವೆ ಅಂತ ಎಲ್ಲ ಎಷ್ಟು ಖುಷಿಪಟ್ರು ಗೊತ್ತಾ? ಸಿಸ್ಟರ್‌ಗಳಿಗೆ ಬೆನ್ನುನೋವೇ ಹೋಯ್ತು."

ತೂಕದ ಯಂತ್ರ ಬೇಕಾಗಿತ್ತು. ಸಿಕ್ಕಿದ್ದು ಪಕ್ಕದ ಹೆರಿಗೆ ವಾರ್ಡಿನಲ್ಲಿ ಹಸುಗೂಸುಗಳನ್ನು ತೂಗುವ ತೊಟ್ಟಿಲು ತಕ್ಕಡಿ. ಅದರಲ್ಲಿ ಏಪ್ರನ್ ಮಡಚಿ ಇಡುವಾಗ ಶಾಂಭವಿಯ ಕೈ ಒಂದು ಕ್ಷಣ ತಡೆಯಿತು. ಒಂದನೇ ನಂಬರು ಐದು ಕಿಲೋಗೆ ನೂರು ಗ್ರಾಂ ಕಡಿಮೆ. ಉಳಿದವು ಮೂರರ ಆಸುಪಾಸು.

ಹಗುರ ಎಂದ ಮಾತ್ರಕ್ಕೆ ಕಳಪೆ ಎನ್ನಲಾಗದು. ಸೀಸದ ಬದಲು ಬೇರೆ ಲೋಹ ಬಳಸಿದ ಒಳ್ಳೆಯ ಏಪ್ರನ್‌ಗಳೂ ಹಗುರವಾಗಿರುತ್ತವೆ. ಅವಳು ಎರಡನೇ ನಂಬರನ್ನು ಕ್ಯಾಥ್‌ಲ್ಯಾಬಿನ ಖಾಲಿ ಮೇಜಿನ ಮೇಲೆ ಹಾಸಿ, ಅದರಡಿ ತನ್ನ ಮನೆಯ ಬೀಗದ ಕೈಗೊಂಚಲು ಇಟ್ಟು, ಗಾಜಿನ ಹಿಂದಕ್ಕೆ ಹೋಗಿ ನಿಂತಳು.

"ಹಾಕಿ ಮಲ್ಲೇಶ್."

ಮಲ್ಲೇಶ್ ಗುಂಡಿ ಒತ್ತಿದ. ಕಪ್ಪಾಗಿರಬೇಕಾದ ಪರದೆಯಲ್ಲಿ ನಾಲ್ಕು ಬೀಗದ ಕೈಗಳು ಸ್ಪಷ್ಟವಾಗಿ ಮೂಡಿದವು. ಹಲ್ಲುಗಳನ್ನು ಎಣಿಸಬಹುದಿತ್ತು.

ಮಲ್ಲೇಶ್ ತನ್ನ ಎದೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡ. "ಒಂದು ವರ್ಷದಿಂದ ಇದನ್ನೇ ಹಾಕ್ಕೊಂಡು ಒಳಗೆ ನಿಂತಿದೀನಿ ಮೇಡಂ."

*

ಭದ್ರಾವತಿಗೆ ಹೊರಟಾಗ ಹನ್ನೆರಡು ಗಂಟೆ. ಮಾಚೇನಹಳ್ಳಿ ದಾಟುವವರೆಗೂ ಶಾಂಭವಿ ಕಾರನ್ನು ಮೂರನೇ ಗೇರಿನಲ್ಲೇ ಓಡಿಸುತ್ತಿದ್ದಳು. ಗಮನಕ್ಕೇ ಬಂದಿರಲಿಲ್ಲ.

ನ್ಯೂಟೌನಿನಲ್ಲಿ ಮಾನಸಳ ತವರಿನ ಬಾಗಿಲು ತೆರೆದವರು ಅವಳ ತಾಯಿ ಜಯಾ. ಕಣ್ಣು ಊದಿದ್ದವು. "ಬನ್ನಿ ಒಳಗೆ. ಅವಳ ಅತ್ತೆ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ರು. ಮಗು ತೆಗೆಸಿಬಿಡಿ ಅಂತಾರೆ. ಇನ್ನು ಎರಡು ವಾರ ಕಳೆದ್ರೆ ಕಾನೂನು ಬಿಡಲ್ಲ, ಶನಿವಾರದೊಳಗೆ ತೀರ್ಮಾನ ಹೇಳಿ ಅಂತಾರೆ. ಎಂಥ ತೀರ್ಮಾನ ಹೇಳ್ಲಿ ಮಾರಾಯ್ತಿ ನಾನು?"

ಮಾನಸ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಇಪ್ಪತ್ತೇಳು ವರ್ಷದ ಹುಡುಗಿ. ಎರಡೂ ಕೈ ಹೊಟ್ಟೆಯ ಮೇಲೆ. ನಮಸ್ಕಾರ ಹೇಳಲೂ ಕೈ ತೆಗೆಯಲಿಲ್ಲ.

"ಮಗು ಹೆಂಗಿರತ್ತೆ ಮೇಡಂ?"

"ನಿನ್ನ ಬ್ಯಾಡ್ಜ್ ತೋರಿಸಿದ ಅಷ್ಟಕ್ಕೇ ಆದ್ರೆ, ತೆಗೆಸು ಅಂತ ಯಾವ ತಜ್ಞರೂ ಹೇಳಲ್ಲ. ನಾನು ಮಂಗಳೂರಿನ ಡಾಕ್ಟರ ಹತ್ರ ಮಾತಾಡಿದೀನಿ. ಆದ್ರೆ ಬ್ಯಾಡ್ಜ್ ಇದ್ದಿದ್ದು ಎದೆ ಮೇಲೆ. ಹೊಟ್ಟೆ ಹತ್ರ ಏಪ್ರನ್ ಹೇಗಿತ್ತು, ಸೀಳಿತ್ತಾ, ಅಲ್ಲಿ ಎಷ್ಟು ಒಳಗೆ ಬಂತು ಅನ್ನೋದು ಆ ಏಪ್ರನ್ ನೋಡಿದ್ರೆ ಮಾತ್ರ ಗೊತ್ತಾಗತ್ತೆ." ಶಾಂಭವಿ ಅವಳ ಎದುರು ಕೂತಳು. "ನೀನು ದಿನಾ ಯಾವುದು ಹಾಕ್ಕೋತಿದ್ದೆ?"

"ನಾಲ್ಕನೇ ನಂಬರು."

"ಅದು ನಿನ್ನೆಯಿಂದ ಕಾಣ್ತಿಲ್ಲ" ಎಂದಳು ಶಾಂಭವಿ. "ದಿನಾ ಅದೇನಾ?"

"ದಿನಾ. ಎಲ್ಲಕ್ಕಿಂತ ಹಗುರ ಇತ್ತು ಅದು. ಹೊಟ್ಟೆ ಮೇಲೆ ಭಾರ ಬೀಳೋದು ಬೇಡ ಅಂತ ನಾನೇ ಆರಿಸ್ಕೊಂಡೆ. ಬೇರೆಯವರು ಹಾಕ್ಕೊಳ್ದೆ ಇರ್ಲಿ ಅಂತ ಬೆಳಿಗ್ಗೆ ಬೇಗ ಹೋಗಿ ತಗೋತಿದ್ದೆ."

ಜಯಾ ಅಡುಗೆಮನೆಯ ಬಾಗಿಲಿಗೆ ಒರಗಿ ಸೆರಗು ಬಾಯಿಗೆ ಒತ್ತಿಕೊಂಡರು. ಹಗುರ ಏಪ್ರನ್‌ಗಳು ಕಳಪೆ ಎಂದು ಶಾಂಭವಿ ಇನ್ನೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಉಳಿದಿರಲಿಲ್ಲ.

"ಬ್ಯಾಡ್ಜ್ ಹೊರಗೆ ಹಾಕ್ಕೊಂಡಿದ್ಯಾ ಮಾನಸ? ಒಂದು ದಿನವಾದ್ರೂ? ನಿಜ ಹೇಳು."

"ಇಲ್ಲ. ಬಸುರಿ ಅಂತ ಗೊತ್ತಾದ ಮೇಲೆ ದಿನಾ ಎರಡು ಸಲ ನೋಡ್ಕೋತಿದ್ದೆ. ಉಳಿದವ್ರು ನಗ್ತಿದ್ರು."

"ಬಸುರಿ ಅಂತ ಆಸ್ಪತ್ರೆಗೆ ತಿಳಿಸಿದ್ಯಾ?"

"ಮೂರನೇ ತಿಂಗಳಲ್ಲೇ ಪತ್ರ ಕೊಟ್ಟೆ. ವಾರ್ಡಿಗೆ ಹಾಕಿ ಅಂತ ಕೇಳ್ದೆ. ರೇಣುಕಾಪ್ರಸಾದ್ ಸಾರ್ ಜನ ಇಲ್ಲಮ್ಮ, ಎರಡು ತಿಂಗಳು ಸುಧಾರಿಸು ಅಂದ್ರು. ನಾನು ಒಪ್ಪಲಿಲ್ಲ. ಆಗ ರಿಸ್ಕ್ ಅಸೆಸ್‌ಮೆಂಟ್ ಫೈಲಿಂದ ಒಂದು ಹಾಳೆ ತೆಗೆದು ತೋರಿಸಿದ್ರು. ಬಸುರಿಯರೂ ಈ ಏಪ್ರನ್ ಹಾಕ್ಕೊಂಡು ಕೆಲಸ ಮಾಡಬಹುದು, ಅಪಾಯ ಇಲ್ಲ ಅಂತ ಯಾರೋ ಎಕ್ಸ್‌ಪರ್ಟ್ ಸಹಿ ಹಾಕಿದ್ರು. ಹೆಸರು ನೋಡ್ಲಿಲ್ಲ ನಾನು, ಸೀಲ್ ನೋಡ್ದೆ. ಅಷ್ಟು ಓದಿದವ್ರು ಹೇಳಿದ್ಮೇಲೆ ಸರಿ ಅಂತ ಒಳಗೆ ಹೋದೆ."

ಶಾಂಭವಿ ಚೀಲದಿಂದ ಕಡತದ ನಕಲನ್ನು ತೆಗೆದು ಪುಟ ತಿರುವಿದಳು. ಆಸ್ಪತ್ರೆ ಅವಳಿಗೆ ಕೊಟ್ಟದ್ದು ಹನ್ನೊಂದು ಪುಟ. ಹನ್ನೊಂದನೆಯದರ ಕೆಳಗೆ 'ಮುಂದಿನ ಪುಟ ನೋಡಿ' ಎಂದಿತ್ತು.

"ಆ ಹಾಳೆ ಇದರಲ್ಲಿಲ್ಲ" ಎಂದಳು.

"ಏಪ್ರನ್ ಸಿಗತ್ತಾ ಮೇಡಂ?" ಮಾನಸ ಕೇಳಿದಳು. ಹಾಳೆಯ ವಿಚಾರ ಅವಳಿಗೆ ಬೇಕಿರಲಿಲ್ಲ.

"ಹುಡುಕ್ತೀನಿ. ನನ್ನನ್ನ ಕೇಳ್ದೆ ಯಾರಿಗೂ ಏನೂ ಬರೆದುಕೊಡಬೇಡ."

*

ಸಂಜೆ ನಾಲ್ಕಕ್ಕೆ ರೇಣುಕಾಪ್ರಸಾದರ ಕೋಣೆಯಲ್ಲಿ ಎಂದಿನಂತೆ ಕಾಫಿ ಬಂತು. ಶಾಂಭವಿ ಲೋಟವನ್ನು ಪಕ್ಕಕ್ಕೆ ಸರಿಸಿ, ಆರು ಚಿತ್ರಗಳನ್ನೂ ಮೇಜಿನ ಮೇಲೆ ಹರಡಿದಳು. ಆರು ಕಡೆ ಪಿನ್ನಿನ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು.

ಅವರು ಬಹಳ ಹೊತ್ತು ನೋಡಿದರು. ಐವತ್ತರ ಮೇಲಿನ ತೆಳ್ಳಗಿನ ಮನುಷ್ಯ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಫೈಲ್ ಸೇರಿಸುವಾಗ ಕಂಪ್ಯೂಟರ್‌ನಲ್ಲಿ ಏನೋ ತಪ್ಪಾಗಿರ್ಬೇಕು ಮೇಡಂ."

"ಎರಡನೇ ನಂಬರ್ ಅಡಿಯಲ್ಲಿ ನನ್ನ ಕೀ ಇಟ್ಟು ನೋಡ್ದೆ. ಅದೂ ಕಂಪ್ಯೂಟರ್ ತಪ್ಪಾ?"

ಅವರು ಚಿತ್ರಗಳನ್ನು ಒಟ್ಟುಮಾಡಿ ಮಗುಚಿಟ್ಟರು.

ಶಾಂಭವಿ ಇನ್ನೊಂದು ಹಾಳೆ ಮುಂದಿಟ್ಟಳು. ಕ್ಯಾಥ್‌ಲ್ಯಾಬಿನ ಎಂಟು ಜನರ ಬ್ಯಾಡ್ಜ್ ವರದಿ. "ಮಾನಸ ಇಪ್ಪತ್ತಾರು. ಉಳಿದ ಏಳೂ ಜನ ಸೊನ್ನೆ. ಎಕ್ಸ್‌ರೇ ಟ್ಯೂಬಿನ ಪಕ್ಕದಲ್ಲೇ ನಿಂತು ದಿನಕ್ಕೆ ಆರು ಕೇಸ್ ಮಾಡೋ ಡಾಕ್ಟರೂ ಸೊನ್ನೆ. ಒಳ್ಳೇ ಏಪ್ರನ್ ಹಾಕಿದ್ರೂ ಸ್ವಲ್ಪವಾದ್ರೂ ಬರಬೇಕು. ನೀವೆಲ್ಲ ಮೂರು ತಿಂಗಳು ರಜದಲ್ಲಿದ್ರಾ ರೇಣುಕಾಪ್ರಸಾದ್?"

ಅವರ ಎಡಗೈ ಮೇಜಿನ ಡ್ರಾಯರಿನ ಮೇಲೆ ಹೋಗಿ ಕೂತಿತು. ಬೆಳಿಗ್ಗೆ ಮಲ್ಲೇಶನ ಕಣ್ಣು ಓಡಿದ್ದೂ ಇದೇ ಕೋಣೆಗೆ.

"ತೆಗೀರಿ ಅದನ್ನ."

"ಮೇಡಂ, ಅದರಲ್ಲಿ ನನ್ನ ಸ್ವಂತ..."

"ತೆಗೀರಿ."

ತೆಗೆದರು. ಒಳಗೆ ಬಿಸ್ಕತ್ತಿನ ತಗಡಿನ ಡಬ್ಬಿಯಿತ್ತು. ಡಬ್ಬಿಯಲ್ಲಿ ಹೆಸರು ಬರೆದ ಏಳು ಬ್ಯಾಡ್ಜುಗಳು ಒಂದರ ಮೇಲೊಂದು ಕೂತಿದ್ದವು. ಮೇಲಿನದು ಮಲ್ಲೇಶನದು. ತಳದಲ್ಲಿದ್ದದ್ದು ರೇಣುಕಾಪ್ರಸಾದರದೇ.

ಮಾನಸಳ ಲೆಕ್ಕ ಮಾತ್ರ ತಪ್ಪಿದೆ ಎಂದು ಇಡೀ ಆಸ್ಪತ್ರೆ ಹೇಳುತ್ತಿತ್ತು. ನಿಜವಾದ ಲೆಕ್ಕ ಅವಳದೊಂದೇ. ಉಳಿದ ಏಳು ಜನ ಎಷ್ಟು ವಿಕಿರಣ ಉಂಡಿದ್ದಾರೆ ಎಂದು ಹೇಳಬಲ್ಲ ವಸ್ತು ಈ ಭೂಮಿಯ ಮೇಲೆ ಯಾವುದೂ ಇರಲಿಲ್ಲ.

"ಯಾಕೆ?" ಎಂದಳು.

ರೇಣುಕಾಪ್ರಸಾದ್ ಡಬ್ಬಿಯ ಮುಚ್ಚಳವನ್ನು ಹಾಕಿದರು, ತೆಗೆದರು. "ಹೊಸ ಏಪ್ರನ್ ಬಂದ ದಿನವೇ ಟೆಸ್ಟ್ ಮಾಡ್ದೆ ಮೇಡಂ. ಐದೂ ಜರಡಿ. ಮೇಲಿನವರಿಗೆ ಹೇಳ್ದೆ. ವಾಪಸ್ ಕಳಿಸಿದ್ರೆ ಹೊಸದು ಬರೋವರೆಗೆ ಲ್ಯಾಬ್ ಮುಚ್ಚಬೇಕು, ಬೇಡ, ಆಮೇಲೆ ನೋಡೋಣ ಅಂದ್ರು. ಬ್ಯಾಡ್ಜ್ ಹಾಕ್ಕೊಂಡ್ರೆ ರೀಡಿಂಗ್ ಏರತ್ತೆ, ನೋಟಿಸ್ ಬರತ್ತೆ. ನಾನೇ ಎಲ್ಲರ ಹತ್ರ ಇಸ್ಕೊಂಡು ಇಲ್ಲಿಟ್ಟೆ. ಆ ಹುಡುಗಿ ಮಾತ್ರ ಕೊಡ್ಲಿಲ್ಲ."

"ಮತ್ತೆ ಅವಳನ್ನೇ ಒಳಗೆ ಕಳಿಸಿದ್ರಿ."

"ನಾನೂ ಒಳಗೇ ಇದ್ದೆ ಮೇಡಂ! ನಾನೇನು ಹೊರಗೆ ಕೂತಿದ್ನಾ?" ಅವರ ದನಿ ಏರಿ, ಅಲ್ಲೇ ಒಡೆಯಿತು. "ನಂಗೂ ನಿದ್ದೆ ಬಂದು ತಿಂಗಳಾಯ್ತು."

"ನಾಲ್ಕನೇ ಏಪ್ರನ್ ಎಲ್ಲಿ?"

"ನನ್ನಾಣೆಗೂ ಗೊತ್ತಿಲ್ಲ. ಏಪ್ರನ್ ಇಡೋ ರೂಮಿನ ಕೀ ನಿನ್ನೆ ಬೆಳಿಗ್ಗೆ ನನ್ನ ಹತ್ರ ಇರ್ಲಿಲ್ಲ. ಮೇಲಿನವರು ಯಾರಿಗೆ ಕೊಡು ಅಂದ್ರೋ ಅವ್ರಿಗೆ ಕೊಟ್ಟಿದ್ದೆ."

"ಯಾರಿಗೆ?"

ಅವರು ತಲೆಯಾಡಿಸಿದರು. ಹೇಳಲಾರೆ ಎಂದು.

"ಆಯ್ತು. ಹನ್ನೆರಡನೇ ಪುಟ ಕೊಡಿ. ಮಾನಸಗೆ ತೋರಿಸಿ ಒಳಗೆ ಕಳಿಸಿದ ಹಾಳೆ. ನನಗೆ ಕೊಟ್ಟ ನಕಲಿನಲ್ಲಿ ಅದನ್ನ ತೆಗೆದಿದೀರಿ."

ಈಗ ರೇಣುಕಾಪ್ರಸಾದ್ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದರು. ಹೆದರಿಕೆಯ ಜೊತೆಗೆ ಆ ಮುಖದಲ್ಲಿ ಮರುಕದಂಥದ್ದೇನೋ ಇತ್ತು.

"ಬೇಡ ಮೇಡಂ. ಏಪ್ರನ್ ವಿಷಯ ಬರೀರಿ. ನನ್ನ ಹೆಸರೂ ಬರೀರಿ. ಆ ಪುಟ ಕೇಳ್ಬೇಡಿ."

"ಕೊಡಿ."

ಅವರು ಎದ್ದು ಕಪಾಟಿನ ಬೀಗ ತೆಗೆದರು. ಒಂದೇ ಒಂದು ಹಾಳೆಯನ್ನು ತಂದು ಅವಳ ಮುಂದಿಟ್ಟು, ತಾವು ಕಿಟಕಿಯ ಕಡೆ ತಿರುಗಿ ನಿಂತರು.

'ಆರೂ ಏಪ್ರನ್‌ಗಳನ್ನು ನನ್ನ ಸಮಕ್ಷಮ ಪರೀಕ್ಷಿಸಲಾಗಿದೆ. ಗರ್ಭಿಣಿ ಸಿಬ್ಬಂದಿಯೂ ಇವನ್ನು ಧರಿಸಿ ಕೆಲಸ ಮಾಡಬಹುದು.' ಕೆಳಗೆ ಸೀಲು. ಸೀಲಿನ ಮೇಲೆ ನೀಲಿ ಶಾಯಿಯಲ್ಲಿ ಸಹಿ.

ಶಾಂಭವಿ ಆ ಸಹಿಯನ್ನು ಓದಬೇಕಾಗಿರಲಿಲ್ಲ. 'ಶಾಂ'ನ ಸೊನ್ನೆಯನ್ನು ಹೀಗೆ ಕೊಕ್ಕೆಯಂತೆ ಬಿಟ್ಟುಬಿಡುವುದು ಅವಳ ಅಭ್ಯಾಸ. ಯಾರೂ ನಕಲು ಮಾಡಿರಲಿಲ್ಲ. ಅದು ಅವಳದೇ ಕೈ.

"ನಾನು ಈ ಆಸ್ಪತ್ರೆಗೆ ಕಾಲಿಟ್ಟಿದ್ದೇ ಮೊನ್ನೆ" ಎಂದಳು.

"ನಿಮ್ಮನ್ನೇ ಯಾಕೆ ಕರೆಸಿದ್ರು ಅಂದ್ಕೊಂಡ್ರಿ ಮೇಡಂ? ನಿಮ್ಮ ಸಹಿ ಇರೋ ಫೈಲನ್ನ ನೀವೇ ತಪ್ಪು ಅಂತ ಬರೆಯಲ್ಲ ಅಂತ."

ತಾರೀಕು ನೋಡಿದಳು. ಕಳೆದ ನವೆಂಬರ್. ತಾಯಿಯ ಶಸ್ತ್ರಚಿಕಿತ್ಸೆಗೆಂದು ಅವಳು ಇಪ್ಪತ್ತು ದಿನ ಬೆಂಗಳೂರಿನಲ್ಲಿದ್ದ ತಿಂಗಳು. ಹೊರಡುವ ಹಿಂದಿನ ದಿನ ಷಡಕ್ಷರಪ್ಪನವರು ಮನೆಗೆ ಬಂದಿದ್ದರು. ಕಾರ್ಖಾನೆಯಲ್ಲಿ ಅವಳ ಮೇಲಧಿಕಾರಿಯಾಗಿದ್ದವರು, ಕೆಲಸ ಕಲಿಸಿದವರು, ಈಗ ಅವಳ ಜೊತೆ ಸೇರಿ ಈ ಸಲಹಾ ಸಂಸ್ಥೆ ನಡೆಸುತ್ತಿರುವ ಎಪ್ಪತ್ತರ ಹಿರಿಯರು. ಸಣ್ಣಪುಟ್ಟ ಕ್ಲಿನಿಕ್ಕುಗಳ ಕೆಲಸ ನಿಲ್ಲಬಾರದಮ್ಮ, ಕೊನೇ ಹಾಳೆಗೆ ಸಹಿ ಹಾಕಿಡು, ಮಿಕ್ಕಿದ್ದು ನಾನು ನೋಡ್ಕೋತೀನಿ ಎಂದಿದ್ದರು. ಅವಳು ನಿಂತುಕೊಂಡೇ, ಬಟ್ಟೆ ತುಂಬುತ್ತಲೇ, ಇಪ್ಪತ್ತು ಖಾಲಿ ಹಾಳೆಗೆ ಸಹಿ ಹಾಕಿದ್ದಳು. ಇಪ್ಪತ್ತು. ಉಳಿದ ಹತ್ತೊಂಬತ್ತು ಹಾಳೆ ಯಾವ ಯಾವ ಆಸ್ಪತ್ರೆಯಲ್ಲಿವೆ, ಅವುಗಳನ್ನು ನಂಬಿ ಯಾರು ಯಾರು ಒಳಗೆ ನಿಂತಿದ್ದಾರೆ?

ಫೋನ್ ಗುಂಯ್‌ಗುಟ್ಟಿತು. ಮಾನಸ.

"ಮೇಡಂ, ಏಪ್ರನ್ ಸಿಕ್ತು!" ಅಳು, ನಗು ಎರಡೂ ಇದ್ದವು ಆ ದನಿಯಲ್ಲಿ. "ಷಡಕ್ಷರಪ್ಪ ಅಂತ ಹಿರಿಯರು ತಂದಿದಾರೆ. ನಿಮ್ಮ ಗುರುಗಳಂತೆ. ನಾಲ್ಕನೇ ನಂಬರೇ, ನಾನೇ ನೋಡ್ದೆ, ಕಾಲರ್ ಹತ್ರ ನನ್ನ ಕುಂಕುಮದ ಕಲೆ ಇದೆ. ಒಂದು ಕಾಗದಕ್ಕೆ ಸಹಿ ಹಾಕಿದ್ರೆ ಈಗಲೇ ಕೊಟ್ಟು ಹೋಗ್ತಾರಂತೆ. ಬ್ಯಾಡ್ಜ್ ನಾನೇ ಹೊರಗೆ ಹಾಕ್ಕೊಂಡಿದ್ದೆ, ಯಾರ ಮೇಲೂ ದೂರು ಕೊಡಲ್ಲ ಅಂತ ಬರೆದಿದೆ. ಬರೆದ್ರೆ ಬರೆದ್ಕೊಳ್ಲಿ ಮೇಡಂ, ಕೆಲಸ ಹೋದ್ರೆ ಹೋಗ್ಲಿ. ಮಗೂದು ಗೊತ್ತಾಗತ್ತಲ್ಲ. ಯಾರಿಗೂ ಬರೆದುಕೊಡಬೇಡ ಅಂದಿದ್ರಲ್ಲ, ಅದಕ್ಕೆ ಕೇಳ್ತಿದೀನಿ. ಹಾಕ್ಲಾ?"

ಶಾಂಭವಿಯ ಕಣ್ಣು ಮೇಜಿನ ಮೇಲಿನ ಹಾಳೆಯಲ್ಲೇ ಇತ್ತು. ಮಾನಸ ಸಹಿ ಹಾಕಿದರೆ ಆಸ್ಪತ್ರೆ ಉಳಿಯುತ್ತದೆ. ಏಪ್ರನ್ ಸಿಗುತ್ತದೆ. ಈ ಹನ್ನೆರಡನೇ ಪುಟವನ್ನು ಇನ್ನು ಯಾರೂ ಕೇಳುವುದಿಲ್ಲ.

"ಹಾಕಬೇಡ" ಎಂದಳು. "ಮಾನಸ, ನಾನು ಬರೋವರೆಗೂ ಹಾಕಬೇಡ."

ಆ ಕಡೆ ಏನೋ ಸರಿದಾಡಿದ ಸದ್ದು. ಫೋನ್ ಕೈ ಬದಲಾಯಿತು.

"ಶಾಂಭವಿ" ಎಂದರು ಷಡಕ್ಷರಪ್ಪನವರು. ಅವಳಿಗೆ ಕೆಲಸ ಕಲಿಸಿದ ಅದೇ ನಿಧಾನದ ದನಿ. "ಬಲವಂತ ಇಲ್ಲಮ್ಮ. ಹಾಕದಿದ್ರೆ ಇದನ್ನ ತಗೊಂಡು ಹೋಗ್ತೀನಿ, ಆಮೇಲೆ ಇದು ಯಾರಿಗೂ ಸಿಗಲ್ಲ. ಹತ್ತು ನಿಮಿಷ ಕೂತಿರ್ತೀನಿ, ಜಯಾ ಅವ್ರು ಕಾಫಿ ಮಾಡ್ತಿದಾರೆ. ಅಷ್ಟರೊಳಗೆ ಈ ಹುಡುಗಿಗೆ ನೀನೇ ಹೇಳಿಬಿಡು, ಇವಳನ್ನ ಒಳಗೆ ಕಳಿಸಿದ ಸಹಿ ಯಾರದ್ದು ಅಂತ. ತಗೋಮ್ಮ, ಮಾತಾಡು."

ಫೋನ್ ಮತ್ತೆ ಮಾನಸಳ ಕೈಗೆ ಬಂತು. ಅವಳ ಉಸಿರಾಟ ಕೇಳಿಸುತ್ತಿತ್ತು.

"ಯಾರ ಸಹಿ ಮೇಡಂ?"